ತಪಾಸಣೆ ಆಯಿತು, ಕನ್ನಡಕ ಎಲ್ಲಿ?

ಹಾಸನ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಕಣ್ಣು ಯಾರೂ ನೋಡುವುದೇ ಇಲ್ಲ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ನೋಡುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಶಾಲೆ ಮಕ್ಕಳಿಗೆ ವರ್ಷಕ್ಕೊಂದು ಸಲ, ಅಂಗನವಾಡಿ ಮಕ್ಕಳಿಗೆ ಎರಡು ಸಲ ತಪಾಸಣೆ ಆಗಬೇಕು. ಆ ತಪಾಸಣೆಯಲ್ಲಿ ನೋಡಬೇಕಾದ ತೊಂದರೆಗಳಲ್ಲಿ ದೃಷ್ಟಿದೋಷವೂ ಸೇರಿದೆ. ಶಾಲೆ ಮಕ್ಕಳಿಗೆ ಉಚಿತ ಕನ್ನಡಕ ಕೊಡಲು ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಇದೆ. ತೊಂದರೆ ಇರುವುದು ಅಲ್ಲಿಂದ ಮುಂದೆ. ಕಣ್ಣಿನ ತೊಂದರೆ ಇದೆ ಎಂದು ಮಗುವಿನ ಹೆಸರು ಪಟ್ಟಿಗೆ ಸೇರಿತು ಅಂದುಕೊಳ್ಳಿ. ಆಮೇಲೆ ಆ ಮಗುವಿಗೆ ಕನ್ನಡಕ ಬಂತಾ, ಬಂದಿದ್ದನ್ನು ಹಾಕಿಕೊಳ್ಳುತ್ತಿದೆಯಾ ಎಂದು ಕೇಳುವವರನ್ನು ನಮ್ಮೂರ ಕಡೆ ನಾನು ಕಂಡಿಲ್ಲ.

ಊರು ಬೇಲೂರು ತಾಲ್ಲೂಕು. ಈಗ ಇರುವುದು ಜಪಾನಿನ ನಾಗೋಯಾದಲ್ಲಿ. ಮಗಳು ಇಲ್ಲೇ ಪ್ರೈಮರಿ ಶಾಲೆಗೆ ಹೋಗುತ್ತಾಳೆ. ಇಲ್ಲಿ ಮೂರು ವರ್ಷದ ಮಕ್ಕಳ ಆರೋಗ್ಯ ತಪಾಸಣೆಯಲ್ಲೇ ಕಣ್ಣಿನ ಪರೀಕ್ಷೆಯೂ ಸೇರಿದೆ. ಒಂದು ಕಡೆ ಬಿರುಕು ಬಿಟ್ಟ ಉಂಗುರದ ಚಿತ್ರ ಹಿಡಿಯುತ್ತಾರೆ. ಬಿರುಕು ಮೇಲೋ ಕೆಳಗೋ, ಎಡಕ್ಕೋ ಬಲಕ್ಕೋ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು. ಅಕ್ಷರ ಬರಬೇಕಾಗಿಲ್ಲ.

ಶಾಲೆಗೆ ಸೇರಿದ ಮೇಲೆ ಪ್ರತಿ ವರ್ಷ ಪರೀಕ್ಷೆ. ಫಲಿತಾಂಶ ಎ, ಬಿ, ಸಿ, ಡಿ ಎಂದು ಬರುತ್ತದೆ. ಈ ವಿಂಗಡಣೆ ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಅದು ತರಗತಿಯ ಲೆಕ್ಕದಲ್ಲಿದೆ. ಎ ಅಂದರೆ ಹಿಂದಿನ ಬೆಂಚಿನಿಂದಲೂ ಬೋರ್ಡು ಸಲೀಸಾಗಿ ಕಾಣುತ್ತದೆ. ಬಿ ಅಂದರೆ ಹೆಚ್ಚುಕಮ್ಮಿ ಕಾಣುತ್ತದೆ. ಸಿ ಆದರೆ ಹಿಂದೆ ಕೂತು ಓದಲು ಕಷ್ಟ. ಡಿ ಬಂದ ಮಗುವಿಗೆ ಮುಂದಿನ ಬೆಂಚಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಟೀಚರಿಗೆ ಬೇಕಾದ ಮಾಹಿತಿ ಇದೇ ಅಲ್ವಾ?

ಕಡಿಮೆ ಬಂದರೆ ಮನೆಗೆ ಒಂದು ಚೀಟಿ ಬರುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ತೋರಿಸಬೇಕು. ಅವರು ಚೀಟಿಯಲ್ಲಿ ತಮ್ಮ ಭಾಗ ತುಂಬಿ ಕೊಡುತ್ತಾರೆ. ಅದು ಶಾಲೆಗೆ ವಾಪಸ್ ಹೋಗಬೇಕು. ಮಗಳ ಶಾಲೆಯಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವುದಕ್ಕೇ ಒಬ್ಬ ಟೀಚರ್ ಇದ್ದಾರೆ. ಚೀಟಿ ಬರದಿದ್ದರೆ ಅವರು ಸುಮ್ನೆ ಬಿಡುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. ಮಕ್ಕಳು ಗುಂಪಾಗಿ ಕೂತು ಕೈಯಲ್ಲಿ ಕಾರ್ಡು ಹಿಡಿದು ಕಲಿಯುತ್ತಾರೆ. ದೂರದ್ದು ಕಾಣದ ಮಗುವಿಗೆ ಇಲ್ಲಿ ಏನೂ ಅಡ್ಡಿಯಿಲ್ಲ, ಹತ್ತಿರದ್ದು ಚೆನ್ನಾಗೇ ಕಾಣುತ್ತದೆ. ನಾಲ್ಕನೇ ತರಗತಿಗೆ ಬಂದಾಗ ಬೋರ್ಡಿನ ಪಾಠ ಜಾಸ್ತಿಯಾಗುತ್ತದೆ. ದೂರದ್ದು ಮಸುಕಾಗುವ ಈ ಸಮೀಪದೃಷ್ಟಿ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಸುಮಾರು ಇದೇ ವಯಸ್ಸಿನಲ್ಲಿ. ಜುಲೈ ತಿಂಗಳ ಮಳೆ, ಕರೆಂಟಿಲ್ಲದ ಕತ್ತಲೆ ಕೋಣೆ, ಬಣ್ಣ ಹೋದ ಬೋರ್ಡು. ನಿನ್ನೆವರೆಗೆ ಜಾಣನಾಗಿದ್ದ ಹುಡುಗ ಹಠಾತ್ತನೆ ದಡ್ಡನಾಗಿಬಿಡುತ್ತಾನೆ.

ನನ್ನ ಅಕ್ಕನ ಮಗನಿಗೆ ಹೀಗೇ ಆಯಿತು. ಎತ್ತರ ಇದ್ದಾನೆ ಎಂದು ಹಿಂದೆ ಕೂರಿಸಿದ್ದರು. ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ ಎಂದು ದೂರು ಬಂತು. ನಾನು ಫೋನಿನಲ್ಲಿ ಕಣ್ಣಿನ ವಿಷಯ ಎತ್ತಿದರೆ ಅಕ್ಕ, "ಅವನ ಕಣ್ಣಿಗೇನಾಗಿದೆಯೋ, ನನಗೆ ಸೂಜಿಗೆ ದಾರ ಪೋಣಿಸಿಕೊಡೋದೇ ಅವನು" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ದೂರ ಕಾಣದವರಿಗೆ ಸೂಜಿ ಕಾಣುತ್ತದೆ. ಮಗುವೂ ತಾನಾಗಿ ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಮಸುಕಾಗಿ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ.

ಬೋರ್ಡು ಕಂಡರೂ ತೊಂದರೆ ಇರಬಹುದು. ಕೆಲವು ಮಕ್ಕಳಿಗೆ ದೂರದ್ದು ಸ್ಪಷ್ಟ, ಪುಸ್ತಕ ಹಿಡಿದರೆ ಸ್ವಲ್ಪ ಹೊತ್ತಿಗೆ ತಲೆನೋವು. ಗೋಡೆಯ ಚಾರ್ಟು ಓದಿಸಿದರೆ ಇವರು ಪಾಸು. ಇನ್ನು ಕೆಲವರಿಗೆ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದ. ಮಂದ ಕಣ್ಣಿನಿಂದ ಬರುವುದನ್ನು ಮಿದುಳು ಬದಿಗೊತ್ತುತ್ತಾ ಹೋಗುತ್ತದೆ. ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣಿಗೆ ಕೆಲಸ ಕೊಟ್ಟರೆ ಸುಧಾರಿಸುತ್ತದೆ. ತೀರಾ ಹೆಚ್ಚಿಲ್ಲದ ತೊಂದರೆಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಸಾಕಾಗುತ್ತದೆ. ಆದರೆ ಏಳು ವರ್ಷದ ಒಳಗೆ ಹಿಡಿದರೆ ಫಲ ಜಾಸ್ತಿ, ಆಮೇಲೆ ಕಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಅಂಗೈಯಿಂದ ಮುಚ್ಚಿಸಬೇಕು, ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆ. ಮೆಳ್ಳೆಗಣ್ಣು ಅದೃಷ್ಟ ಎಂದು ಕಾಯುತ್ತಾ ಕೂರುವ ಮನೆಗಳು ಇನ್ನೂ ಇವೆ. ದಯವಿಟ್ಟು ಕಾಯಬೇಡಿ.

ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಇರುವ ತಾಯಿಗೆ ಮಗುವನ್ನು ಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಂದರೆ ಒಂದು ದಿನದ ಕೂಲಿ ಹೋಯಿತು. ಕನ್ನಡಕ ತರಲು ಮತ್ತೊಂದು ದಿನ. ಇದನ್ನು ತಾಯಿಯ ಅಸಡ್ಡೆ ಅನ್ನಬಾರದು. ಕನ್ನಡಕ ಬಂದ ಮೇಲೂ "ಸೋಡಾಬುಡ್ಡಿ" ಎಂಬ ಗೇಲಿ, ಹೆಣ್ಣುಮಕ್ಕಳಾದರೆ ಮದುವೆ ಚಿಂತೆ, ಹಾಕಿದರೆ ಪವರ್ ಜಾಸ್ತಿಯಾಗುತ್ತದೆ ಎಂಬ ಸುಳ್ಳು ಭಯ. ಕನ್ನಡಕ ಬ್ಯಾಗಿನಲ್ಲೇ ಉಳಿಯುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯೂ ಅಲ್ಲ. ಚೀನಾದ ಹಳ್ಳಿ ಕಡೆ ಶಾಲೆಗಳಲ್ಲಿ ಮಕ್ಕಳಿಗೆ ಉಚಿತ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಗಣಿತದ ಅಂಕ ಏರಿತ್ತು. ಆದರೂ ಶಾಲಾ ವರ್ಷದ ಕೊನೆಗೆ ಹೋಗಿ ನೋಡಿದಾಗ ಕನ್ನಡಕ ಸಿಕ್ಕವರಲ್ಲಿ ಅರ್ಧದಷ್ಟು ಮಕ್ಕಳೂ ಹಾಕಿಕೊಂಡಿರಲಿಲ್ಲ.

ಜಪಾನಿನದ್ದೆಲ್ಲಾ ಸರಿ ಎನ್ನುತ್ತಿಲ್ಲ. ಇಲ್ಲಿ ಪ್ರೈಮರಿ ಮಕ್ಕಳಲ್ಲೇ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕನ್ನಡಕವಿಲ್ಲದೆ ಎ ಬರುವುದಿಲ್ಲ. ಬಿಸಿಲಿಗೆ ಬಿಡದೆ ಮನೆಯೊಳಗೇ ಬೆಳೆಸಿದರೆ ಸಮೀಪದೃಷ್ಟಿ ಹೆಚ್ಚುತ್ತದೆ. ತೈವಾನ್ 2010ರಿಂದ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ನಡೆಸುತ್ತಿದೆ. ನಮ್ಮ ಹಳ್ಳಿ ಮಕ್ಕಳಿಗೆ ಆ ಬೆಳಕು ಸುಲಭಕ್ಕೆ ಸಿಗುತ್ತಿತ್ತು. ಈಗ ಟ್ಯೂಷನ್ನು, ಮೊಬೈಲು ಎಂದು ಅದನ್ನೂ ಕಿತ್ತುಕೊಳ್ಳುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ನಮ್ಮ ಶಾಲೆಗಳಿಗೆ ದೊಡ್ಡ ಯಂತ್ರ ಬೇಕಿಲ್ಲ, ಹೊಸ ಯೋಜನೆಯೂ ಬೇಕಿಲ್ಲ. ವಾಪಸ್ ಬರುವ ಒಂದು ಚೀಟಿ ಮತ್ತು ಅದನ್ನು ಕೇಳುವ ಒಬ್ಬ ಟೀಚರ್ ಬೇಕು. ಬಿಸಿಯೂಟಕ್ಕೆ ಎಷ್ಟು ಮಕ್ಕಳು ಕೂತರು ಎಂದು ಶಾಲೆ ದಿನಾ ಬರೆದಿಡುತ್ತದೆ. ಅದೇ ಶಾಲೆ ವಾರಕ್ಕೊಮ್ಮೆ ಯಾರು ಕನ್ನಡಕ ಹಾಕಿದ್ದಾರೆ, ಯಾರದು ಮುರಿದಿದೆ ಎಂದೂ ಬರೆದಿಡಬಹುದು. ಕನ್ನಡಕದ ಅಳತೆ ಶಾಲೆಯಲ್ಲೇ ತೆಗೆದು, ಶಾಲೆಗೇ ತಂದುಕೊಟ್ಟರೆ ತಾಯಿಯ ಕೂಲಿ ಉಳಿಯುತ್ತದೆ. ತಪಾಸಣೆಯ ತಂಡ ಬರುವವರೆಗೆ ಟೀಚರೇ ಚಾರ್ಟು ಹಿಡಿದು ಒಂದು ಸುತ್ತು ನೋಡಬಹುದು, ಅನುಮಾನ ಬಂದವರನ್ನು ಅವತ್ತೇ ಮುಂದಿನ ಬೆಂಚಿಗೆ ಕರೆಯಬಹುದು.

ಇದನ್ನೆಲ್ಲಾ ಶಾಲೆ ತೆರೆದ ಮೊದಲ ವಾರಗಳಲ್ಲೇ ಮಾಡಬೇಕು. ಮಳೆ ಹಿಡಿದರೆ ಸಕಲೇಶಪುರ, ಆಲೂರು ಕಡೆ ರಜೆಯ ಮೇಲೆ ರಜೆ. ಜೂನ್‌ನಲ್ಲಿ ನೋಡಿದರೆ ದಸರಾ ರಜೆಯ ಒಳಗೆ ಕನ್ನಡಕ ಕೊಡಬಹುದು, ಅರ್ಧ ವರ್ಷದ ಪಾಠವಾದರೂ ಮಕ್ಕಳಿಗೆ ಸಿಗುತ್ತದೆ.