ಎರಡು ಸಾವಿರ ರೂಪಾಯಿ ಬಾಕಿ

ಅಟ್ಟ ಗುಡಿಸುವಾಗ ಅಪ್ಪನ ಟ್ರಂಕಿನಲ್ಲಿ ಪಾಸ್‌ಬುಕ್ಕಿನಂಥ ಪುಸ್ತಕವೊಂದು ಸಿಕ್ಕಿತು. ಮರೆತುಹೋದ ಉಳಿತಾಯ ಖಾತೆ ಇರಬಹುದೆಂದು ಮನೆಮಂದಿಯೆಲ್ಲ ಸುತ್ತ ಸೇರಿದರು. ತೆರೆದರೆ ಟಿವಿ ಲೈಸೆನ್ಸ್. ಹೆಂಡತಿ ಪೊರಕೆ ಎತ್ತಿಕೊಂಡು ಹೊರಟುಹೋದಳು.

ಈಗಿನ ಮಕ್ಕಳು ನಂಬುವುದಿಲ್ಲ. ಒಂದು ಕಾಲದಲ್ಲಿ ಈ ದೇಶದಲ್ಲಿ ರೇಡಿಯೋ ಕೇಳಲು ವರ್ಷಕ್ಕೆ 15 ರೂಪಾಯಿ, ಟಿವಿ ನೋಡಲು 50 ರೂಪಾಯಿ ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು. ಕಟ್ಟಿದವರ ಪುಸ್ತಕದಲ್ಲಿ ಚೀಟಿ ಅಂಟಿಸಿ, ಮೇಲೊಂದು ಠಸ್ಸೆ ಒತ್ತಿ ಕೊಡುತ್ತಿದ್ದರು. ಇದಕ್ಕೆಲ್ಲ ಆಧಾರ 1885ರ ಟೆಲಿಗ್ರಾಫ್ ಕಾಯ್ದೆ. ಅಂದರೆ ರೇಡಿಯೋ ಹುಟ್ಟುವ ಮೊದಲೇ ಅದಕ್ಕೆ ಲೈಸೆನ್ಸ್ ಕೇಳುವ ಕಾನೂನು ತೊಟ್ಟಿಲು ಕಟ್ಟಿಕೊಂಡು ಕಾಯುತ್ತಿತ್ತು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ರದ್ದಾಯಿತು. ಅಪ್ಪನ ಪುಸ್ತಕದ ಕೊನೆಯ ಠಸ್ಸೆ 1984ರದು.

ನಾನು ಲೆಕ್ಕ ಹಾಕಿದೆ. ಅಲ್ಲಿಂದೀಚೆಗೆ ನಲವತ್ತು ವರ್ಷ, ವರ್ಷಕ್ಕೆ ಐವತ್ತು. ಎರಡು ಸಾವಿರ ರೂಪಾಯಿ ಜೇಬಿನಲ್ಲಿಟ್ಟುಕೊಂಡು ಅಂಚೆ ಕಚೇರಿಗೆ ನಡೆದೆ.

ಕೌಂಟರಿನ ಹಿಂದಿದ್ದ ಮಹಿಳೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದು ಕಿಸಾನ್ ವಿಕಾಸ್ ಪತ್ರವಾ ಸರ್?”

“ಅಲ್ಲ ಮೇಡಂ, ದೂರದರ್ಶನದ ಬಾಕಿ. ಕಟ್ಟಿಸಿಕೊಳ್ಳಿ.”

“ಈ ಹಣವನ್ನು ಯಾವ ಲೆಕ್ಕಕ್ಕೆ ಹಾಕಲಿ? ಕಂಪ್ಯೂಟರಿನಲ್ಲಿ ಅಂಥ ಆಯ್ಕೆಯೇ ಇಲ್ಲ. ಆರ್‌ಡಿ ಮಾಡಿಸಿ, ಒಳ್ಳೆಯ ಬಡ್ಡಿ ಬರುತ್ತದೆ.”

ನನಗೆ ಬೇಕಿದ್ದದ್ದು ಬಡ್ಡಿಯಲ್ಲ, ಯಜಮಾನಿಕೆ. ಬ್ರಿಟನ್ನಿನಲ್ಲಿ ಬಿಬಿಸಿಗಾಗಿ ಟಿವಿ ನೋಡುವ ಮನೆಯವರು ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. 2025ರ ದರ 174.50 ಪೌಂಡ್. ಕಪ್ಪುಬಿಳುಪು ಟಿವಿಗೆ 58.50, ದೃಷ್ಟಿಯಿಲ್ಲದವರಿಗೆ ಅರ್ಧ. ಕಾಣದವನಿಗೂ ಅರ್ಧ ಬಿಲ್ಲು ಕಳಿಸುವ ಆ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಆದರೆ ಹಾಗೆ ಕಟ್ಟಿದವನು ಸುದ್ದಿ ನೋಡಿ ಸಿಟ್ಟು ಬಂದಾಗ “ನನ್ನ ದುಡ್ಡು ಹಿಂದೆ ಕೊಡಿ” ಎಂದು ಕೂಗಬಹುದು. ನಾನು ಏನೆಂದು ಕೂಗಲಿ? ನಮ್ಮ ತೆರಿಗೆಯೂ ದೂರದರ್ಶನಕ್ಕೆ ಹೋಗುತ್ತದೆ, ನಿಜ. ಆದರೆ ದಿಲ್ಲಿಯ ಬೊಕ್ಕಸ ಹೊಕ್ಕು, ಅನುದಾನವೆಂಬ ಹೊಸ ಹೆಸರಿಟ್ಟುಕೊಂಡು ಹೊರಬರುವ ಹೊತ್ತಿಗೆ ಅದಕ್ಕೆ ನನ್ನ ಗುರುತು ಸಿಗುವುದಿಲ್ಲ.

ದೂರದರ್ಶನವನ್ನೂ ಆಕಾಶವಾಣಿಯನ್ನೂ ಸರ್ಕಾರದ ಹಿಡಿತದಿಂದ ಬಿಡಿಸಿ ಸ್ವಾಯತ್ತಗೊಳಿಸಲು, ಪ್ರಸಾರ ಭಾರತಿ ಎಂಬ ಸಂಸ್ಥೆ ಕಟ್ಟುವ ಕಾಯ್ದೆ ಆದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಹುಟ್ಟಿದ ಕೂಸು ಎರಡನೇ ಕ್ಲಾಸಿಗೆ ಹೋಗುವಷ್ಟು ಕಾಲ ಸ್ವಾಯತ್ತತೆ ಕಪಾಟಿನಲ್ಲಿತ್ತು. ಹೊರಬಂದ ಮೇಲಿನ ಕಥೆ, ಬೇರೆ ಸಂಸಾರ ಹೂಡಿದ ಮಗನ ಕಥೆ. ಅಡುಗೆ ಬೇರೆ, ಬೀಗದ ಕೈ ಬೇರೆ, ಬಾಗಿಲಲ್ಲಿ ಹೆಸರಿನ ಫಲಕವೂ ಬೇರೆ. ಅಕ್ಕಿ, ಬೇಳೆ, ಎಣ್ಣೆ ಮಾತ್ರ ಅಪ್ಪನ ಮನೆಯಿಂದ. ಸಿಬ್ಬಂದಿಯ ಸಂಬಳ ಸರ್ಕಾರದ ಅನುದಾನದಲ್ಲಿ ಬರುತ್ತದೆ. ಹೀಗಿರುವಾಗ ಸಂಜೆ ಅಪ್ಪ ಬಂದರೆ ಮಗ ಏನು ಮಾಡಬೇಕು? ನಡುಮನೆಯಲ್ಲಿ ಕುರ್ಚಿ ಹಾಕುತ್ತಾನೆ, ಅಪ್ಪ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ನೇರ ಪ್ರಸಾರ ಮಾಡುತ್ತಾನೆ. ಉಂಡ ಮನೆಯ ಜಂತಿ ಎಣಿಸಬಾರದೆಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಂಸ್ಥೆ ಇನ್ನೊಂದಿಲ್ಲ. ತುರ್ತುಪರಿಸ್ಥಿತಿಯಲ್ಲಿ ಜನ ಆಲ್ ಇಂಡಿಯಾ ರೇಡಿಯೋವನ್ನು ಆಲ್ ಇಂದಿರಾ ರೇಡಿಯೋ ಎಂದು ಕರೆದು ನಕ್ಕರು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೇ, ಡಿಡಿ ನ್ಯೂಸ್ ಲಾಂಛನ ಕೆಂಪಿನಿಂದ ಕೇಸರಿಗೆ ತಿರುಗಿತು. ಅದು ಕೇಸರಿಯಲ್ಲ, ಕಿತ್ತಳೆ ಎಂಬ ವಿವರಣೆಯೂ ಬಂತು. ಅಪ್ಪಂದಿರು ಬದಲಾಗುತ್ತಾರೆ, ಕುರ್ಚಿ ಅದೇ.

ಯಂತ್ರಗಳಿಗೆ ಮಾತ್ರ ಕೈ ಸಡಿಲ. 2023ರ ಜನವರಿಯಲ್ಲಿ ಪ್ರಸಾರದ ಮೂಲಸೌಕರ್ಯಕ್ಕೆಂದು ಕೇಂದ್ರ ಸಂಪುಟ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ಸಚಿವರು ರಿಬ್ಬನ್ ಕತ್ತರಿಸುವಾಗ ಕತ್ತರಿಯ ಮೇಲಿನ ತುಕ್ಕೂ ನಿಚ್ಚಳವಾಗಿ ಕಾಣುತ್ತದೆ.

ಹಾಗೆಂದು ದೂರದರ್ಶನಕ್ಕೆ ಸ್ವಂತ ದುಡಿಮೆಯೇ ಇಲ್ಲ ಎನ್ನಬೇಡಿ. ಬೆಂಗಳೂರಿನಲ್ಲಿ ನೋಡಿರುತ್ತೀರಿ: ಮನೆಯೊಡೆಯ ಮೂರೂ ಅಂತಸ್ತುಗಳನ್ನು ಪಿಜಿಗೆ ಬಿಟ್ಟು, ತಾನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿರುತ್ತಾನೆ. ದೂರದರ್ಶನದ ಉಚಿತ ಡಿಟಿಎಚ್ ಸೇವೆ ಡಿಡಿ ಫ್ರೀ ಡಿಷ್‌ನ ಕಥೆಯೂ ಅದೇ. ತಿಂಗಳ ಬಾಡಿಗೆಯಿಲ್ಲದೆ ಕೋಟಿಗಟ್ಟಲೆ ಮನೆಗಳನ್ನು ಮುಟ್ಟುವ ಆ ಸಾರ್ವಜನಿಕ ಸೌಲಭ್ಯದ ಜಾಗಗಳನ್ನು ಖಾಸಗಿ ವಾಹಿನಿಗಳಿಗೆ ಇ-ಹರಾಜು ಹಾಕಲಾಗುತ್ತದೆ. ಬಾಡಿಗೆದಾರರು ಒಳಗೆ ಅತ್ತೆ ಸೊಸೆ ಜಗಳ ಹಚ್ಚುತ್ತಾರೆ, ಬೀದಿಯವರೆಲ್ಲ ಅಲ್ಲೇ ನೆರೆಯುತ್ತಾರೆ. ತಾರಸಿಯ ಮೇಲೆ ಮನೆಯೊಡೆಯ ಒಬ್ಬನೇ ಕೂತು, ಭತ್ತದ ಬೆಂಕಿರೋಗಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಗಾಳಿಗೆ ಹೇಳುತ್ತಿರುತ್ತಾನೆ.

ಕೆಣಕಿದೆನೇ ಹೊರತು, ಆ ಔಷಧಿಯ ಮಾತನ್ನು ಬೇರೆ ಯಾರೂ ಹೇಳುವುದಿಲ್ಲ ಎಂಬುದು ನನಗೂ ಗೊತ್ತು. ಸರಿಯುತ್ತರ ಕೊಟ್ಟವರ ಕೈಗೆ ಕಾರಿನ ಕೀಲಿಯ ಬದಲು ಪುಸ್ತಕ ಇಡುವ ರಸಪ್ರಶ್ನೆ ಚಂದನ ಬಿಟ್ಟು ಇನ್ನೆಲ್ಲಿ ಇಷ್ಟು ವರ್ಷ ಬದುಕುತ್ತಿತ್ತು? ಎರಡು ಸಾವಿರ ಕಟ್ಟಲು ಹೊರಟದ್ದರಲ್ಲಿ ಅರ್ಧ ಅದಕ್ಕೆ. ಉಳಿದರ್ಧ, ಸುದ್ದಿಯ ಹೊತ್ತಿನಲ್ಲಿ ಗದರಿಸುವ ಹಕ್ಕಿಗೆ.

ಇದನ್ನೆಲ್ಲ ಕೌಂಟರಿನಲ್ಲಿ ವಿವರಿಸಿದೆ. ಹಿಂದೆ ಸ್ಪೀಡ್ ಪೋಸ್ಟಿನ ಸಾಲು ಬಾಗಿಲು ದಾಟಿತ್ತು.

“ಗದರಿಸಲು ದುಡ್ಡೇಕೆ ಸರ್?” ಎಂದರು ಮೇಡಂ, ಅಂಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ. “ಒಂದು ಕಾರ್ಡು ಬರೆದು ಹಾಕಿ.”

“ಓದುತ್ತಾರೆಯೇ?”

“ತಲುಪಿಸುವುದಷ್ಟೇ ನಮ್ಮ ಇಲಾಖೆ.”

ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕೆಂಬುದು ನೆನಪಾಯಿತು. ನನ್ನಂಥವನು ಸ್ವಂತ ಕೈಯಿಂದ ದೂರದರ್ಶನಕ್ಕೆ ಕೊಡಬಹುದಾದ ಮೊತ್ತ ಅದೊಂದೇ ಇರಬೇಕು. ಕೇಳಿದೆ. ಅವರು ಆರ್ಡರ್ ತೆಗೆದು, ಠಸ್ಸೆ ಒತ್ತಿ, ನನ್ನತ್ತ ತಳ್ಳಿದರು. ಅಪ್ಪನ ಪುಸ್ತಕದಲ್ಲಿದ್ದಂಥದೇ ದುಂಡು ಠಸ್ಸೆ.

“ಯಾರ ಹೆಸರಿಗೆ ಎಂಬಲ್ಲಿ ಖಾಲಿ ಬಿಡಬೇಡಿ ಸರ್, ತುಂಬಿಬಿಡಿ. ಪ್ರಸಾರ ಭಾರತಿಯ ಹೆಸರಿಗೋ, ಸರ್ಕಾರದ ಹೆಸರಿಗೋ?”

“ಅದನ್ನು ತಿಳಿದುಕೊಳ್ಳುವುದಕ್ಕೇ ಮೇಡಂ, ಈ ಅರ್ಜಿ.”