ಗೋಡೆಯ ಮೇಲಿನ ಕಲೆ

ಚಿತ್ರಪ್ರದರ್ಶನದ ಬಾಗಿಲಲ್ಲಿ ಕೈಗೆ ಕೊಡುತ್ತಾರಲ್ಲ, ಆ ಮಡಚಿದ ಹಾಳೆಯನ್ನು ಓದಬಾರದು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಆದರೂ ಓದುತ್ತೇನೆ. ಮೊನ್ನೆಯ ಹಾಳೆಯಲ್ಲಿ ‘ಪ್ರವಾಸ, ಪ್ರಕೃತಿ ಮತ್ತು ಬದುಕಿನ ತಿರುವುಗಳೇ ಕಲಾವಿದರ ಸ್ಫೂರ್ತಿ’ ಎಂದಿತ್ತು. ಅದರ ಹಿಂದಿನ ಪ್ರದರ್ಶನದಲ್ಲೂ ಇದೇ ಮೂರು ಇದ್ದವು, ಕ್ರಮ ಮಾತ್ರ ಬೇರೆ. ಜೊತೆಗೆ ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಫೋಟೋ ಬೇರೆ. ಒಬ್ಬರಾದರೂ ‘ಬಾಡಿಗೆ ಕಟ್ಟಬೇಕಿತ್ತು, ಬರೆದೆ’ ಅಂತ ಹಾಕಬಾರದಾ? ‘ನೀಲಿ ಬಣ್ಣ ಜಾಸ್ತಿ ಉಳಿದಿತ್ತು’ ಅಂದರೂ ಆಗುತ್ತಿತ್ತು.

ಪ್ರವಾಸ ಅಂದಾಗಲೆಲ್ಲ ನನಗೆ ಫ್ರಾನ್ಸಿನ ಚಿತ್ರಕಾರ ಮಾಟೀಸ್ ನೆನಪಾಗುತ್ತಾನೆ. 1930ರಲ್ಲಿ ಹೊಸ ಬೆಳಕು ಹುಡುಕಿಕೊಂಡು ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಹೊರಟ. ಆಗ ಅವನಿಗೆ ಅರವತ್ತು. ಹೆಸರೂ ಇತ್ತು, ದುಡ್ಡೂ ಇತ್ತು. ಇಡೀ ಅಮೆರಿಕವನ್ನು ರೈಲಿನಲ್ಲಿ ದಾಟಿ, ಆಮೇಲೆ ಹಡಗು ಹತ್ತಿ ಹೋದ. ಹೋಗಿ ಮಾಡಿದ್ದೇನು? ತಿಳಿನೀರಿನಲ್ಲಿ ಈಜಿದ. ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಮುಳುಗಿ ಮೀನು, ಹವಳ ನೋಡಿದ. ಫೋಟೋ ತೆಗೆದ. ಒಂದಿಷ್ಟು ರೇಖಾಚಿತ್ರ ಗೀಚಿದ. ಬಣ್ಣದಲ್ಲಿ ಬರೆದದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಷ್ಟು ದೂರ ಹೋಗಿ ಸುಮ್ನೆ ಬಂದವನಿಗೆ ಮನೆಯಲ್ಲಿ ಏನೇನು ಅಂದಿರಬಹುದು!

ಆಮೇಲೆ 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಜೀವ ಉಳಿಯಿತು, ಹೆಚ್ಚು ಹೊತ್ತು ನಿಲ್ಲುವ ಶಕ್ತಿ ಹೋಯಿತು. ಹಾಸಿಗೆ, ಗಾಲಿಕುರ್ಚಿಯಲ್ಲೇ ಕೂತು ಕತ್ತರಿ ಹಿಡಿದ. ಸಹಾಯಕರು ಹಾಳೆಗೆ ಬಣ್ಣ ಬಳಿದು ಒಣಗಿಸಿಕೊಟ್ಟರೆ ಇವನು ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತಿದ್ದ.

1946ರಲ್ಲಿ ಪ್ಯಾರಿಸ್ಸಿನ ಮನೆಯಲ್ಲಿ ಒಂದು ದಿನ ಪತ್ರ ಬರೆಯುವ ಬಿಳಿ ಹಾಳೆಯಲ್ಲಿ ಕವಲುಬಾಲದ ಪುಟ್ಟ ಹಕ್ಕಿಯೊಂದನ್ನು ಕತ್ತರಿಸಿದ. ಹರಿದು ಬಿಸಾಡಲು ಮನಸ್ಸಾಗಲಿಲ್ಲ. ಗೋಡೆಯ ಮೇಲೊಂದು ಕೊಳಕು ಕಲೆ ಕಣ್ಣಿಗೆ ಚುಚ್ಚುತ್ತಿತ್ತು. ಹಕ್ಕಿಯನ್ನು ಅದರ ಮೇಲೇ ಹಚ್ಚಿಸಿದ. ಕಲೆ ಮುಚ್ಚಿತು. ಆದರೆ ಅಷ್ಟು ದೊಡ್ಡ ಗೋಡೆಗೆ ಒಂದೇ ಹಕ್ಕಿ ಸಾಲುತ್ತದಾ? ಪಕ್ಕಕ್ಕೆ ಮೀನು ಬಂತು, ಹವಳ ಬಂತು, ಕಡಲಪಾಚಿ ಬಂತು. ಹದಿನಾರು ವರ್ಷದ ಹಿಂದೆ ನೀರಲ್ಲಿ ಮುಳುಗಿ ನೋಡಿದ್ದೆಲ್ಲ ಒಂದೊಂದೇ ಎದ್ದು ಬಂದು ಗೋಡೆ ಹತ್ತಿತು. ಅದೇ ಕೊನೆಗೆ ‘ಓಷಿಯಾನಿಯಾ’ ಹೆಸರಿನಲ್ಲಿ ಆಕಾಶಕ್ಕೊಂದು, ಕಡಲಿಗೊಂದು ಅಂತ ಎರಡು ದೊಡ್ಡ ಲಿನನ್ ಬಟ್ಟೆಗಳ ಮೇಲೆ ಅಚ್ಚಾಯಿತು.

ಈಗ ಹೇಳಿ, ಮಡಚಿದ ಹಾಳೆಯಲ್ಲಿ ಏನಂತ ಬರೆಯಬೇಕು? ತಾಹಿತಿಯಾ, ಆಪರೇಷನ್ನಾ, ಸಕಾಲಕ್ಕೆ ಗೋಡೆಗೆ ಬಣ್ಣ ಹೊಡೆಸದವರಾ? ನನ್ನ ಓಟು ಕಲೆಗೇ. ಆದರೆ ಆ ಕಲೆ ನಮ್ಮ ಮನೆಯ ಗೋಡೆಗಳಲ್ಲೂ ಧಾರಾಳವಾಗಿ ಇದೆ. ಅಲ್ಲೇನೂ ಹಾರುತ್ತಿಲ್ಲ, ಆದ್ದರಿಂದ ಈ ವಾದವನ್ನು ಜಾಸ್ತಿ ಎಳೆಯುವುದಿಲ್ಲ.

ಇನ್ನು ಪ್ರಕೃತಿ. ಎಲ್ಲರೂ ಫ್ರಾನ್ಸಿನದೇ ಇನ್ನೊಬ್ಬ ಚಿತ್ರಕಾರ ಮೋನೆಯ ನೈದಿಲೆ ಕೊಳವನ್ನು ತೋರಿಸುತ್ತಾರೆ. ಅದೇನು ತಾನಾಗಿ ಅಲ್ಲಿದ್ದ ಕೊಳವಲ್ಲ. ಮೋನೆ ಜೀವರ್ನಿ ಎಂಬ ಹಳ್ಳಿಯಲ್ಲಿ 1893ರಲ್ಲಿ ಜಾಗ ಕೊಂಡು, ತೊರೆಯ ನೀರು ತಿರುಗಿಸಿ ಮಾಡಿಸಿದ್ದು. ಈ ಹೊರಗಿನ ಗಿಡಗಳಿಂದ ನೀರು ಕೆಟ್ಟರೆ ಏನು ಗತಿ ಅಂತ ಊರವರು ತಕರಾರು ತೆಗೆದರು. ಬಟ್ಟೆ ಒಗೆಯುವವರು, ದನಕ್ಕೆ ನೀರು ಕುಡಿಸುವವರು ಇನ್ನೇನು ಕೇಳುತ್ತಾರೆ? ನನ್ನ ಪ್ರಕಾರ ಅವರದ್ದೂ ನ್ಯಾಯವೇ. ಮೋನೆ ಪಟ್ಟು ಬಿಡಲಿಲ್ಲ. ಕೊಳದ ಕಸ ತೆಗೆದು ನೈದಿಲೆ ಎಲೆಗಳನ್ನು ಚೊಕ್ಕಟವಾಗಿಡಲೆಂದೇ ಒಬ್ಬ ಮಾಲಿಯನ್ನು ಇಟ್ಟ. ಚಳಿಯಿರಲಿ ಮಂಜಿರಲಿ, ದೋಣಿಯಲ್ಲಿ ಬಗ್ಗಿ ಎಲೆ ತೊಳೆಯುತ್ತಿದ್ದ ಆ ಪುಣ್ಯಾತ್ಮನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತಿತ್ತು ಅಂತ ಯಾರೂ ಕೇಳಿದಂತಿಲ್ಲ. ಸಂಬಳದಿಂದಲೇ ಇರಬೇಕು.