ಮೊದಲು ಚಿಕಿತ್ಸೆ, ಆಮೇಲೆ ಎಫ್‌ಐಆರ್

ಎಫ್‌ಐಆರ್ ತನ್ನಿ ಅಂತ ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳನ್ನು ಆಸ್ಪತ್ರೆಯಿಂದ ವಾಪಸ್ ಕಳಿಸಿದ್ದನ್ನು ಬರೆದಿದ್ದೀರಿ. ಓದಿ ಹೊಟ್ಟೆ ಉರಿಯಿತು. ನಾನು ವರ್ಷಗಟ್ಟಲೆ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದವಳು. ಚಿಕಿತ್ಸೆಗೆ ಎಫ್‌ಐಆರ್ ಬೇಕಾಗಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ದುಡ್ಡು ಕೇಳದೆ ಚಿಕಿತ್ಸೆ ಕೊಡಲೇಬೇಕು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) 397ನೇ ಸೆಕ್ಷನ್ ಹೇಳುವುದೇ ಅದನ್ನು. ಕೊಡದಿದ್ದರೆ 1 ವರ್ಷದವರೆಗೆ ಜೈಲಾಗಬಹುದು.

ಸ್ಟೇಷನ್‌ಗೆ ಅಲೆದಾಡಿಸುವ ಹೊತ್ತಿಗೆ ಅರ್ಧ ದಿನ ಹೋಗುತ್ತೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಹಾಗೇ.

ಒಂದು ರಾತ್ರಿ ಬಂದ ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಲೇ ಕೂತಿದ್ದಳು. ಅವಳ ಒದ್ದೆ ಬಟ್ಟೆಯನ್ನು ಯಾರೋ ಪ್ಲಾಸ್ಟಿಕ್ ಕವರಿಗೆ ತುರುಕಲು ಹೋದರು. ಓಡಿಹೋಗಿ ತಡೆದೆ. ನೆರಳಲ್ಲಿ ಒಣಗಿಸಿ ಪೇಪರ್ ಕವರಿನಲ್ಲೇ ಇಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತೆ. ಇಷ್ಟು ಸಣ್ಣ ವಿಷಯವನ್ನೂ ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ.

ಇನ್ನು ಆ ಎರಡು ಬೆರಳಿನ ಪರೀಕ್ಷೆ, ಹೆಣ್ಣಿಗೆ ಲೈಂಗಿಕ ಸಂಪರ್ಕದ ಅಭ್ಯಾಸವಿದೆಯೇ ಅಂತ ಯೋನಿಯೊಳಗೆ ಬೆರಳಿಟ್ಟು ನೋಡುವುದು! ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಯಾವ ಪರೀಕ್ಷೆಯೇ ಆಗಲಿ, ಅವಳನ್ನು ಕೇಳಿಯೇ ಮಾಡಬೇಕು. ಅವಳು ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಮುಂದಿನ ಸಲ ಇದನ್ನೂ ದಯವಿಟ್ಟು ಬರೆಯಿರಿ.